ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಜಪ್ಪಯ್ಯ ಅಂದ್ರೂ ಬಿಚ್ಚುತ್ತಿಲ್ಲ: ಯಾವ ಟೂಲ್, ಯಾವ ವಿಧಾನ?

ಬೆಲ್ಟ್_ಬದಲಿ (ಪ್ರಶ್ನೆ)

ಹೋಂಡಾ ಎಫ್23 ಎಂಜಿನ್, 2.3 ಲೀಟರ್, ಆಟೋಮ್ಯಾಟಿಕ್ ಗೇರ್. ಟೈಮಿಂಗ್ ಬೆಲ್ಟ್ (ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸುವ ಬೆಲ್ಟ್) ಬದಲಿಸಬೇಕು. ಎಡ ಮುಂದಿನ ಚಕ್ರ, ಒಳಗಿನ ಪ್ಲಾಸ್ಟಿಕ್ ಕವರ್, ಹೊರಗಿನ ಬೆಲ್ಟ್‌ಗಳು ಎಲ್ಲಾ ತೆಗೆದಾಗಿದೆ. ಉಳಿದಿರುವುದು ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ತುದಿಯ ಪುಲ್ಲಿ ಬೋಲ್ಟ್. 19 ಮಿ.ಮೀ. ತಲೆ, ಮ್ಯಾನುವಲ್‌ನಲ್ಲಿ ಟಾರ್ಕ್ (ತಿರುಗಿಸುವ ಬಲ) 245 ನ್ಯೂಟನ್ ಮೀಟರ್ ಎಂದಿದೆ.

ಕೈಯಲ್ಲಿರುವ ಸಾಮಾನು: ಅರ್ಧ ಇಂಚಿನ ಬ್ರೇಕರ್ ಬಾರ್ (ಸಾಕೆಟ್ ತಿರುಗಿಸುವ ಉದ್ದ ಹಿಡಿಕೆ, 60 ಸೆ.ಮೀ.), ಅದಕ್ಕೆ ತೊಡಿಸಲು 1 ಮೀಟರ್ ಕಬ್ಬಿಣದ ಪೈಪ್, 12 ಮೂಲೆಯ ಸಾಕೆಟ್, ಎರಡು ಎಕ್ಸ್‌ಟೆನ್ಷನ್ (ಬಾರಿಗೂ ಸಾಕೆಟ್ಟಿಗೂ ನಡುವಿನ ಸರಳು) ಜೋಡಿಸಿ ಸುಮಾರು 40 ಸೆ.ಮೀ. ಗೇರ್ 'ಪಿ'ಯಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದರೂ ಬಾರ್ ಒತ್ತಿದಾಗ ಎಂಜಿನ್ನೇ ತಿರುಗುತ್ತದೆ. ಬೆಲ್ಟ್ ಪಟ್ಟಿ ಸುತ್ತುವ ಸ್ಟ್ರಾಪ್ ರೆಂಚ್ ಹಾಕಿದರೆ ಅದು ಜಾರುತ್ತದೆ. ಬೋಲ್ಟ್ ತಲೆಯ ಎರಡು ಮೂಲೆ ಸ್ವಲ್ಪ ಸವೆದಂತೆ ಕಾಣುತ್ತಿದೆ. ಇನ್ನೂ ದೊಡ್ಡ ಪೈಪ್ ಹಾಕಲೇ, ಇಲ್ಲ ಇಂಪ್ಯಾಕ್ಟ್ ಗನ್ (ಪೆಟ್ಟು ಕೊಟ್ಟು ತಿರುಗಿಸುವ ಯಂತ್ರ) ತರಲೇ? ದಯವಿಟ್ಟು ವಿವರವಾಗಿ ತಿಳಿಸಿ.

ಸಾಕೆಟ್_ಪೆಟ್ಟಿಗೆ

ಸರ್, ಮೊದಲು ಆ 12 ಮೂಲೆಯ ಸಾಕೆಟ್ ಬದಿಗಿಡಿ. ಇನ್ನೊಂದು ಸಲ ಅದರಲ್ಲಿ ಒತ್ತಿದರೆ ತಲೆ ಪೂರ್ತಿ ಉರುಟಾಗುತ್ತದೆ. 6 ಮೂಲೆಯ ಕಪ್ಪು ಇಂಪ್ಯಾಕ್ಟ್ ಸಾಕೆಟ್ ಬೇಕು. ಆರು ಮೂಲೆಯದು ಬೋಲ್ಟಿನ ಚಪ್ಪಟೆ ಮುಖಕ್ಕೆ ಒತ್ತಿ ಕೂರುತ್ತದೆ, ಹನ್ನೆರಡು ಮೂಲೆಯದು ಬರೀ ಅಂಚನ್ನು ಕಚ್ಚುತ್ತದೆ. ಸಾಕೆಟ್ ಹಾಕುವ ಮುಂಚೆ ತಲೆಯ ಸುತ್ತ ಕೂತ ಮಣ್ಣು, ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆದು ತೆಗೆಯಿರಿ. ಸಾಕೆಟ್ 2 ಮಿ.ಮೀ. ಮೇಲೆ ನಿಂತರೂ ಸಾಕು, ಬಲ ಬೀಳುವುದು ತಲೆಯ ತುದಿಗಷ್ಟೇ.

ಇನ್ನು ದೊಡ್ಡ ಪೈಪ್ ವಿಚಾರ. ನಿಮ್ಮ ಬಲ ಕಡಿಮೆ ಬಿದ್ದಿಲ್ಲ. 1 ಮೀಟರ್ ಪೈಪಿನ ತುದಿಯಲ್ಲಿ 60 ಕಿಲೋ ತೂಕ ಬಿಟ್ಟರೆ ಸುಮಾರು 590 ನ್ಯೂಟನ್ ಮೀಟರ್ ಆಗುತ್ತದೆ, ಬಿಗಿ ಮಾಡಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಬಲ ಬೋಲ್ಟಿಗೆ ತಲುಪುತ್ತಲೇ ಇಲ್ಲ, ದಾರಿಯಲ್ಲಿ ಮೂರು ಕಡೆ ಸೋರಿಹೋಗುತ್ತಿದೆ. ಆ ಸೋರಿಕೆ ನಿಲ್ಲಿಸದೆ ಪೈಪ್ ಉದ್ದ ಮಾಡುತ್ತಾ ಹೋದರೆ ಮುರಿಯುವುದು ಬ್ರೇಕರ್ ಬಾರಿನ ಅರ್ಧ ಇಂಚಿನ ಚೌಕ, ಆಗ ಪೈಪಿನ ಮೇಲೆ ಬಗ್ಗಿರುವ ನಿಮ್ಮ ಮುಖಕ್ಕೇ ಪೆಟ್ಟು.

ಮೊದಲನೇ ಸೋರಿಕೆ, ಕ್ರ್ಯಾಂಕ್ ತಿರುಗುವುದು. ಆಟೋಮ್ಯಾಟಿಕ್‌ನಲ್ಲಿ 'ಪಿ' ಹಾಕಿದರೆ ಲಾಕ್ ಆಗುವುದು ಗೇರ್‌ಬಾಕ್ಸಿನ ಹೊರಬರುವ ಶಾಫ್ಟ್ ಮಾತ್ರ. ಎಂಜಿನ್ನಿಗೂ ಅದಕ್ಕೂ ನಡುವೆ ಟಾರ್ಕ್ ಕನ್ವರ್ಟರಿನ ಎಣ್ಣೆ ಇದೆ, ಎಣ್ಣೆ ಹಿಡಿದು ನಿಲ್ಲಿಸುವುದಿಲ್ಲ. (ಮ್ಯಾನುವಲ್ ಗೇರ್ ಗಾಡಿಯಾಗಿದ್ದರೆ ಟಾಪ್ ಗೇರ್ ಹಾಕಿ ಒಬ್ಬರು ಬ್ರೇಕ್ ಪೆಡಲ್ ಗಟ್ಟಿಯಾಗಿ ತುಳಿದುಕೊಂಡು ಕೂತರೆ ಬಹಳ ಸಲ ಸಾಕಾಗುತ್ತದೆ.) ನಿಮ್ಮ ಪುಲ್ಲಿಯ ಮಧ್ಯದಲ್ಲಿ ನೋಡಿ, ಬೋಲ್ಟ್ ತಲೆಯ ಸುತ್ತ ಆರು ಮೂಲೆಯ ದೊಡ್ಡ ಗುಳಿ ಇದೆ. ಅದು 50 ಮಿ.ಮೀ. ಷಟ್ಕೋನ, ಪುಲ್ಲಿ ಹೋಲ್ಡರ್ ಕೂರಿಸಲೆಂದೇ ಮಾಡಿಟ್ಟದ್ದು. ಹೋಲ್ಡರಿನ ನಡುವೆ ತೂತಿರುತ್ತದೆ, ಅದರ ಮೂಲಕ ಸಾಕೆಟ್ ಒಳಗೆ ಹೋಗುತ್ತದೆ. ಈ ಕೆಲಸಕ್ಕೆ ಒಂದೇ ಒಂದು ಟೂಲ್ ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಸ್ಟ್ರಾಪ್ ರೆಂಚ್ ಜಾರಿದ್ದು ಒಳ್ಳೆಯದೇ ಆಯಿತು. ಪುಲ್ಲಿಯ ಹೊರ ಬಳೆ ಮತ್ತು ಒಳ ಹಬ್ ನಡುವೆ ರಬ್ಬರ್ ಪದರ ಇದೆ. ಹೊರ ಬಳೆಯನ್ನು ಚೈನ್ ರೆಂಚಿನಿಂದ ಹಿಡಿದು ನಿಲ್ಲಿಸಿದರೆ ಬೋಲ್ಟಿನ ಪೂರಾ ಬಲ ಆ ರಬ್ಬರ್ ಮೂಲಕ ಹೋಗಬೇಕು. ಹಳೇ ರಬ್ಬರ್ ಅಂಟು ಬಿಟ್ಟರೆ ಅವತ್ತೇ ಗೊತ್ತಾಗುವುದಿಲ್ಲ, ಆಮೇಲೆ ಬೆಲ್ಟ್ ಓರೆಯಾಗಿ ಓಡತೊಡಗುತ್ತದೆ.

ಎರಡನೇ ಸೋರಿಕೆ, ಎಕ್ಸ್‌ಟೆನ್ಷನ್ ತಿರುಚಿಕೊಳ್ಳುವುದು. ಉದ್ದ ಸರಳು ಒಂದು ಸ್ಪ್ರಿಂಗ್ ಇದ್ದಂತೆ, ಇಲ್ಲಿ ಸೋರುವುದು ಬಲಕ್ಕಿಂತ ಬಾರ್ ಸರಿದ ದೂರ. ಬಾರ್ 20 ಡಿಗ್ರಿ ಸರಿದರೂ ಬೋಲ್ಟ್ ಅಲ್ಲೇ ಇರುತ್ತದೆ, 'ಬಿಚ್ಚಿಕೊಳ್ತು' ಎಂದು ಮೋಸ ಹೋಗುತ್ತೀರಿ. ತಿರುಚುವಿಕೆಗೆ ಸರಳು ಒಡ್ಡುವ ತಡೆ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನ ಎಕ್ಸ್‌ಟೆನ್ಷನ್ ಹಾಕಿದರೆ ಅದೇ ಉದ್ದಕ್ಕೆ ಹೆಚ್ಚುಕಡಿಮೆ 5 ಪಟ್ಟು ಗಡುಸು. ಎರಡು ತುಂಡು ಜೋಡಿಸಬೇಡಿ, ಒಂದೇ ತುಂಡು ಇರಲಿ, ಫೆಂಡರ್ ದಾಟುವಷ್ಟೇ ಉದ್ದ.

ಮೂರನೆಯದು, ಓರೆ ಬೀಳುವುದು. ಎಕ್ಸ್‌ಟೆನ್ಷನ್ ತುದಿಗೆ ಪೈಪ್ ಸಿಕ್ಕಿಸಿ ಕೆಳಗೆ ಒತ್ತಿದಾಗ ಆ ಬಲ ತಿರುಗಿಸುವುದರ ಜೊತೆಗೆ ಎಕ್ಸ್‌ಟೆನ್ಷನ್ನನ್ನೂ ಕೆಳಗೆ ಬಗ್ಗಿಸುತ್ತದೆ. ಸಾಕೆಟ್ ಓರೆಯಾಗಿ ಮೂಲೆ ತಿನ್ನುತ್ತದೆ. ನಿಮ್ಮ ಬೋಲ್ಟಿನ ಎರಡು ಮೂಲೆ ಸವೆದಿರುವುದು ಹೀಗೇ. ಎಕ್ಸ್‌ಟೆನ್ಷನ್ನಿನ ಹೊರ ತುದಿಯ ಕೆಳಗೆ, ಬಾರಿನ ಪಕ್ಕದಲ್ಲೇ, ಒಂದು ಆಕ್ಸಲ್ ಸ್ಟ್ಯಾಂಡ್ (ಎತ್ತಿದ ಗಾಡಿಯನ್ನು ಹೊರುವ ಕಬ್ಬಿಣದ ಕಾಲು) ಕೊಟ್ಟು, ಅದರ ತಲೆಯ ಮೇಲೆ ಎಕ್ಸ್‌ಟೆನ್ಷನ್ ಕೂರುವಂತೆ ಎತ್ತರ ಹೊಂದಿಸಿ. ಬೋಲ್ಟಿಗೆ ನೇರ ರೇಖೆಯಲ್ಲಿ ಇರಬೇಕು. ಇದು ಸಣ್ಣ ಕೆಲಸ ಅನಿಸಬಹುದು, ಆದರೆ ಎಷ್ಟೋ ಬೋಲ್ಟ್‌ಗಳು ಇದೊಂದರಿಂದಲೇ ಬಿಚ್ಚುತ್ತವೆ.

ಬಾರ್ ಯಾವ ಕಡೆ ಇಡಬೇಕು ಎನ್ನುವುದು ಕೈಕಾಲಿನ ಪ್ರಶ್ನೆ, ಗಮನವಿಟ್ಟು ಓದಿ. ಎಡ ಚಕ್ರದ ಜಾಗದಲ್ಲಿ ಪುಲ್ಲಿಗೆ ಮುಖ ಮಾಡಿ ನಿಂತರೆ ಗಾಡಿಯ ಮುಂಭಾಗ ನಿಮ್ಮ ಎಡಕ್ಕಿರುತ್ತದೆ. ಬೋಲ್ಟ್ ಬಿಚ್ಚುವುದು ಗಡಿಯಾರದ ಮುಳ್ಳಿಗೆ ವಿರುದ್ಧ. ಹೋಲ್ಡರಿನ ಹಿಡಿಕೆಯನ್ನು ಎಡಕ್ಕೆ ಚಾಚಿ, ಅದರ ತುದಿ ನೆಲದ ಮೇಲಿನ ಮರದ ದಿಮ್ಮಿಗೆ ಊರುವಂತೆ ಇಡಿ. ಬ್ರೇಕರ್ ಬಾರನ್ನೂ ಎಡಕ್ಕೇ, ಸ್ವಲ್ಪ ಮೇಲ್ಮುಖವಾಗಿ ಇಟ್ಟು ಕೆಳಗೆ ಒತ್ತಿ. ಆಗ ನೆಲ ಹೋಲ್ಡರನ್ನು ಮೇಲೆ ನೂಕುತ್ತದೆ, ನೀವು ಬಾರನ್ನು ಕೆಳಗೆ ನೂಕುತ್ತೀರಿ, ಎರಡೂ ಬಹುಪಾಲು ಒಂದನ್ನೊಂದು ಕಳೆದುಬಿಡುತ್ತವೆ. ಅದೇ ಬಾರನ್ನು ಬಲಕ್ಕೆ ಇಟ್ಟು ಮೇಲೆ ಎತ್ತಿದರೆ? ಲೆಕ್ಕ ಹಾಕಿ: ಬೋಲ್ಟ್ 400 ನ್ಯೂಟನ್ ಮೀಟರಿಗೆ ಬಿಡುತ್ತದೆ ಎಂದುಕೊಂಡರೆ 60 ಸೆ.ಮೀ. ಹೋಲ್ಡರಿನಿಂದ 68 ಕಿಲೋ, 1 ಮೀಟರ್ ಬಾರಿನಿಂದ 41 ಕಿಲೋ, ಎರಡೂ ಸೇರಿ 109 ಕಿಲೋ ಬಲ ಗಾಡಿಯನ್ನು ಸ್ಟ್ಯಾಂಡಿನಿಂದ ಮೇಲೆತ್ತುತ್ತದೆ. ಬಾರಿನ ಕೆಳಗೆ ಜಾಕಿ ಇಟ್ಟು ಎತ್ತುವ ಉಪಾಯವನ್ನು ನಾನು ಬೇಡ ಅನ್ನುವುದು ಇದೇ ಕಾರಣಕ್ಕೆ.

ಗಾಡಿ ಸ್ಟ್ಯಾಂಡಿನ ಮೇಲಿರಬೇಕು, ಜಾಕಿಯ ಮೇಲಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಅಥವಾ ದಿಮ್ಮಿ ಕೊಡಿ. ಬಾರಿನ ಮೇಲೆ ಹತ್ತಿ ನಿಲ್ಲಬೇಡಿ, ಅಂಗೈಯಿಂದ ಒತ್ತಿ. ಮೊದಲು ಸಡಿಲ ಇರುವುದನ್ನೆಲ್ಲ ನಿಧಾನ ಒತ್ತಿ ಬಿಗಿ ಮಾಡಿಕೊಂಡು, ಆಮೇಲೆ ಮೈಭಾರ ಒಮ್ಮೆಗೇ ಬಿಡಿ. ಬಿಡುವಾಗ ಬಂದೂಕು ಹೊಡೆದಂತೆ 'ಟಪ್' ಎನ್ನುತ್ತದೆ. ಬೋಲ್ಟೇ ಮುರಿಯಿತೇನೋ ಎನ್ನುವಂಥ ಸದ್ದು ಅದು, ಹೆದರಬೇಡಿ.

ಗಾಳಿ_ಗನ್

ಮೇಲಿನವರು ಹೇಳಿದ್ದು ಸರಿ. ಇಂಪ್ಯಾಕ್ಟ್ ಬಗ್ಗೆ ಕೇಳಿದ್ರಲ್ಲ, ಅದನ್ನ ನಾನು ಹೇಳ್ತೀನಿ.

ಗನ್ನಿನಲ್ಲಿ ಕ್ರ್ಯಾಂಕ್ ಹಿಡಿದು ನಿಲ್ಲಿಸೋ ಅಗತ್ಯ ಬಹಳ ಕಡಿಮೆ, ಯಾಕಂದ್ರೆ ಪ್ರತಿ ಪೆಟ್ಟೂ ಕ್ಷಣಮಾತ್ರದ್ದು. ಅಷ್ಟರಲ್ಲಿ ಕ್ರ್ಯಾಂಕಿನ ಭಾರ ತಾನೇ ತಡೆ ಕೊಡುತ್ತೆ. ಆದ್ರೆ ಗನ್ನಿನ ಮೇಲೆ ಬರೆದ ಟಾರ್ಕ್ ಬೋಲ್ಟಿಗೆ ಸಿಗೋದು ಗನ್, ಸಾಕೆಟ್, ಬೋಲ್ಟ್ ಇಷ್ಟೇ ಇದ್ದಾಗ. ನಡುವೆ 25 ಸೆ.ಮೀ. ಎಕ್ಸ್‌ಟೆನ್ಷನ್ ಹಾಕಿದ್ರೆ ಪೆಟ್ಟಿನ ದೊಡ್ಡ ಪಾಲು ಅದನ್ನ ತಿರುಚೋದ್ರಲ್ಲೇ ಕಳೀತು. ಯೂನಿವರ್ಸಲ್ ಜಾಯಿಂಟ್, ಅಳತೆ ಬದಲಿಸೋ ಅಡಾಪ್ಟರ್ ಹಾಕಿದ್ರೆ ಮುಗೀತು. ಗಮನಿಸಿ, ಬ್ರೇಕರ್ ಬಾರಿಗೆ ಎಕ್ಸ್‌ಟೆನ್ಷನ್ ತಿರುಚಿದ್ರೂ ಕೊನೆಗೆ ಪೂರ್ತಿ ಬಲ ತಲುಪುತ್ತೆ, ನೀವು ಇನ್ನಷ್ಟು ಸರಿಸಿದ್ರಾಯ್ತು. ಗನ್ನಿಗೆ ಹಾಗಲ್ಲ, ಸರಿಸೋಕೆ ಸಮಯಾನೇ ಇರಲ್ಲ.

ಅದಕ್ಕೇ ತೂಕದ ಸಾಕೆಟ್ ಅಂತ ಬರುತ್ತೆ. 19 ಮಿ.ಮೀ. ಸಾಕೆಟ್ಟೇ, ಸುತ್ತ ದಪ್ಪ ಕಬ್ಬಿಣದ ಬಳೆ ಇರುತ್ತೆ. ಪ್ರತಿ ಪೆಟ್ಟಿನ ಶಕ್ತಿ ಆ ಭಾರದಲ್ಲಿ ಸೇರಿ ಬೋಲ್ಟಿಗೆ ದಾಟುತ್ತೆ. ಅರ್ಧ ಇಂಚಿನ ಗನ್ನಿಗೆ ನೇರ ಸಿಕ್ಕಿಸಬೇಕು, ಎಕ್ಸ್‌ಟೆನ್ಷನ್ ಬೇಡ. ಬಾರಿನಲ್ಲಿ ಕೈಯಿಂದ ತಿರುಗಿಸೋಕೆ ಅದರಿಂದ ಏನೂ ಲಾಭ ಇಲ್ಲ, ಪೆಟ್ಟು ಇದ್ರೆ ಮಾತ್ರ ಭಾರಕ್ಕೆ ಅರ್ಥ.

ಗಾಳಿ ಗನ್ ಆದ್ರೆ ಟ್ರಿಗರ್ ಒತ್ತಿ ಓಡ್ತಾ ಇರುವಾಗ ಗನ್ನಿನ ಹತ್ತಿರ 90 ಪಿ.ಎಸ್.ಐ. (6.2 ಬಾರ್) ಇರಬೇಕು. ನಿಂತಾಗ 120 ತೋರಿಸಿ ಓಡುವಾಗ 50ಕ್ಕೆ ಇಳಿದ್ರೆ ಪ್ರಯೋಜನ ಇಲ್ಲ. ಮನೆ ಕಂಪ್ರೆಸರಿನಲ್ಲಿ ತೊಂದರೆ ಸಾಮಾನ್ಯವಾಗಿ ಸಣ್ಣ ಹೋಸ್, ಸಣ್ಣ ಕಪ್ಲರ್. ಒಳವ್ಯಾಸ 10 ಮಿ.ಮೀ. ಹೋಸ್ ಹಾಕಿ, ಉದ್ದ ಕಡಿಮೆ ಮಾಡಿ, ಟ್ಯಾಂಕ್ ಪೂರ್ತಿ ತುಂಬಲಿ, 5 ಸೆಕೆಂಡ್ ಹೊಡೀರಿ, ಮತ್ತೆ ತುಂಬಲು ಬಿಡಿ. ಬ್ಯಾಟರಿ ಗನ್ ಆದ್ರೆ ಪೂರ್ತಿ ಚಾರ್ಜ್ ಆದ ದೊಡ್ಡ ಬ್ಯಾಟರಿ, 5 ಆಂಪಿಯರ್-ಅವರ್ ಅಥವಾ ಮೇಲಿನದು. ಸಣ್ಣ ಬ್ಯಾಟರಿ ಆ ಗಳಿಗೆಗೆ ಬೇಕಾದ ಕರೆಂಟ್ ಕೊಡಲ್ಲ. 10 ಸೆಕೆಂಡಿನ ನಾಲ್ಕೈದು ಸರದಿ ಹೊಡೆದ್ರೂ ಅಲುಗದಿದ್ರೆ ನಿಲ್ಲಿಸಿ ಹೋಲ್ಡರ್ ದಾರಿಗೆ ಬನ್ನಿ, ಸುಮ್ಮನೆ ಹೊಡೀತಾ ಇದ್ರೆ ತಲೆ ಸವೆಯುತ್ತೆ ಅಷ್ಟೇ.

ಗನ್ನಿಗೆ ಹೊಳೆಯೋ ಕ್ರೋಮ್ ಸಾಕೆಟ್ ಹಾಕಬೇಡಿ. ಅದು ಗಡಸು, ಪೆಟ್ಟಿಗೆ ಸಿಡಿದು ಚೂರಾಗುತ್ತೆ. ಕನ್ನಡಕ ಇಲ್ಲದೆ ಟ್ರಿಗರ್ ಮುಟ್ಟಬೇಡಿ.

ಸೆಲ್ಫ್_ಸ್ಟಾರ್ಟ್

ಇಷ್ಟೆಲ್ಲಾ ಯಾಕೆ? ಬ್ರೇಕರ್ ಬಾರನ್ನು ನೆಲಕ್ಕೆ ಊರಿಸಿ, ಇಂಧನ ಪಂಪಿನ ರಿಲೇ ಕಿತ್ತು, ಕೀ ಒಂದು ಕ್ಷಣ ತಿರುಗಿಸಿ ಬಿಟ್ಟರೆ ಸ್ಟಾರ್ಟರ್ ಮೋಟಾರೇ ಬೋಲ್ಟ್ ಬಿಚ್ಚುತ್ತದೆ. ಖರ್ಚಿಲ್ಲ, ಟೂಲ್ ಬೇಕಿಲ್ಲ.

ಸಾಕೆಟ್_ಪೆಟ್ಟಿಗೆ

ಈ ಎಂಜಿನ್ನಿಗೆ ಅದನ್ನು ಖಂಡಿತ ಮಾಡಬೇಡಿ. ಹೆಚ್ಚಿನ ಎಂಜಿನ್‌ಗಳು ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಬೋಲ್ಟನ್ನು ಹಿಡಿದಿಟ್ಟು ಕ್ರ್ಯಾಂಕ್ ಹಾಗೆ ತಿರುಗಿದರೆ ಬೋಲ್ಟ್ ಬಿಚ್ಚಿಕೊಳ್ಳುತ್ತದೆ, ಅಲ್ಲಿಯವರೆಗೆ ನೀವು ಹೇಳಿದ್ದು ನಿಜ. ಆದರೆ ಹೋಂಡಾದ ಹಳೆಯ ಬಿ, ಡಿ, ಎಚ್ ಸರಣಿಗಳೂ ಈ ಎಫ್23 ಕೂಡ ಉಲ್ಟಾ ತಿರುಗುತ್ತವೆ, ಥ್ರೆಡ್ ಮಾತ್ರ ಎಲ್ಲರಂತೆ ಬಲಗೈ ಥ್ರೆಡ್ (ಬಲಕ್ಕೆ ತಿರುಗಿಸಿದರೆ ಬಿಗಿ). ಇಲ್ಲಿ ಸ್ಟಾರ್ಟರ್ ಕೊಟ್ಟರೆ ಬೋಲ್ಟ್ ಇನ್ನಷ್ಟು ಬಿಗಿಯಾಗುತ್ತದೆ. ಕೆ ಸರಣಿಯಿಂದ ಈಚೆಗೆ ಹೋಂಡಾ ಕೂಡ ಉಳಿದವರಂತೆ ಬಲಕ್ಕೇ ತಿರುಗುತ್ತದೆ, ಹಾಗಾಗಿ ಹೆಸರು ನೋಡಿ ಊಹಿಸದೆ ಆಯಾ ಎಂಜಿನ್ನಿನದ್ದೇ ದಿಕ್ಕು ಖಚಿತ ಮಾಡಿಕೊಳ್ಳಬೇಕು.

ಬಲಕ್ಕೆ ತಿರುಗುವ ಎಂಜಿನ್ನಿನಲ್ಲೂ ನಾನು ಇದನ್ನು ಕೊನೆಯ ಉಪಾಯ ಅನ್ನುತ್ತೇನೆ. ಬಾರ್ ಊರಿದ ಜಾಗದಿಂದ ಜಾರಿದರೆ ಬೀಸಿ ಬಂದು ಬ್ರೇಕ್ ಹೋಸ್, ರೇಡಿಯೇಟರ್, ಮೊಣಕಾಲು ಯಾವುದಕ್ಕೆ ಬಡಿಯುತ್ತದೋ ಹೇಳಲಾಗದು. ಎಂಜಿನ್ ಹೊತ್ತಿಕೊಂಡುಬಿಟ್ಟರಂತೂ ಯಾರೂ ಹತ್ತಿರ ಇರಬಾರದು. ಮಾಡಲೇಬೇಕಾದವರು ಇಂಧನದ ಜೊತೆಗೆ ಇಗ್ನಿಷನ್ ಕಾಯಿಲ್ ಕನೆಕ್ಟರ್‌ಗಳನ್ನೂ ಕಿತ್ತಿಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಪುಲ್ಲಿಗೆ ಮುಖ ಮಾಡಿದಾಗ ನಿಮ್ಮ ಬಲಕ್ಕೆ ಬಾರ್ ಚಾಚಿ ನೆಲಕ್ಕೆ ಮೊದಲೇ ತಾಗಿರುವಂತೆ ಕಟ್ಟಿ. ನಡುವೆ ಅಂತರ ಬಿಟ್ಟರೆ ಬಾರ್ ವೇಗವಾಗಿ ಹೋಗಿ ಬಡಿಯುತ್ತದೆ.

ಬೆಲ್ಟ್_ಬದಲಿ

ತುಂಬಾ ಧನ್ಯವಾದ. ಹೋಲ್ಡರ್, 6 ಮೂಲೆಯ ಸಾಕೆಟ್ ತರಿಸುತ್ತೇನೆ. ಇನ್ನೆರಡು ಪ್ರಶ್ನೆ: ಬೋಲ್ಟಿಗೆ ಬೆಂಕಿ ಕೊಡಬಹುದಾ, ತುಕ್ಕು ಬಿಡಿಸುವ ಎಣ್ಣೆ ಕೆಲಸ ಮಾಡುತ್ತದಾ? ಸ್ಪಾರ್ಕ್ ಪ್ಲಗ್ ತೂತಿನಿಂದ ಸಿಲಿಂಡರಿಗೆ ಹಗ್ಗ ತುಂಬಿ ಕ್ರ್ಯಾಂಕ್ ನಿಲ್ಲಿಸುವುದು ಸುರಕ್ಷಿತವಾ? ಮೂಲೆ ಪೂರ್ತಿ ಸವೆದರೆ ಮುಂದೇನು ಎಂಬುದೂ ಗೊತ್ತಿದ್ದರೆ ಒಳ್ಳೆಯದು.

ಎಣ್ಣೆ_ಕೈ

ತುಕ್ಕು ಎಣ್ಣೆಯಿಂದ ಹೆಚ್ಚು ನಿರೀಕ್ಷಿಸಬೇಡಿ. ಥ್ರೆಡ್ ಇರುವುದು ಕ್ರ್ಯಾಂಕಿನ ಒಳಗೆ, ಆಳದಲ್ಲಿ. ಅದರ ಬಾಯನ್ನು ಬೋಲ್ಟಿನ ದಪ್ಪ ವಾಷರ್ ಒತ್ತಿ ಮುಚ್ಚಿದೆ. ಎಣ್ಣೆ ಹೋದರೆ ವಾಷರ್ ಅಂಚಿನವರೆಗೆ. ಆದರೂ ರಾತ್ರಿ ಹಾಕಿ ಬಿಡುವುದರಲ್ಲಿ ನಷ್ಟವಿಲ್ಲ, ತಡೆಯಲ್ಲಿ ದೊಡ್ಡ ಪಾಲು ತಲೆಯ ಕೆಳಗಿನ ಘರ್ಷಣೆಯದ್ದೇ. ಬೋಲ್ಟ್ ಬಿಗಿ ಮಾಡುವಾಗ ಕೊಟ್ಟ ಟಾರ್ಕಿನಲ್ಲಿ ಸುಮಾರು ಅರ್ಧ ತಲೆಯ ಕೆಳಗೆ, 40 ಶೇಕಡಾ ಥ್ರೆಡ್‌ನಲ್ಲಿ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಿ ಬಿಗಿ ಹಿಡಿಸುವುದು ಉಳಿದ ಹತ್ತನೇ ಒಂದು ಪಾಲು. ತಲೆಯ ಮಧ್ಯಕ್ಕೆ ನೇರವಾಗಿ ಸುತ್ತಿಗೆಯಿಂದ ನಾಲ್ಕೈದು ಹದವಾದ ಪೆಟ್ಟು ಕೊಟ್ಟರೆ ಅಲ್ಲಿ ಕಚ್ಚಿಕೊಂಡ ತುಕ್ಕು ಒಡೆಯುತ್ತದೆ. ಮೈಮರೆತು ಬಡಿಯಬೇಡಿ, ಆ ಪೆಟ್ಟು ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿಗೆ ಹೋಗುತ್ತದೆ.

ಬೆಂಕಿಗೆ ಬಂದರೆ, ಪುಲ್ಲಿಯ ರಬ್ಬರ್ ಒಂದು ಕಡೆ, ಹಿಂದಿರುವ ಕ್ರ್ಯಾಂಕ್ ಸೀಲ್ ಇನ್ನೊಂದು ಕಡೆ. ನೈಟ್ರೈಲ್ (ಒಂದು ಬಗೆಯ ರಬ್ಬರ್) ಸೀಲ್ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಡಸಾಗಿ ಎಣ್ಣೆ ಸೋರಲು ಶುರು. ಟೈಮಿಂಗ್ ಬೆಲ್ಟ್ ಕೆಲಸದಲ್ಲಿ ಆ ಸೀಲ್ ಹೇಗೂ ಬದಲಿಸುವವರಿದ್ದರೆ ಪರವಾಗಿಲ್ಲ. ಸಣ್ಣ ಮೊನೆಯ ಜ್ವಾಲೆಯನ್ನು ಬೋಲ್ಟ್ ತಲೆಗೆ ಮಾತ್ರ ಒಂದೆರಡು ನಿಮಿಷ ಹಿಡಿದು, ಪೂರ್ತಿ ತಣಿಯಲು ಬಿಟ್ಟು ಆಮೇಲೆ ತಿರುಗಿಸಿ. ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುವುದರಲ್ಲಿ ಕಚ್ಚು ಬಿಡುತ್ತದೆ. ತುಕ್ಕು ಎಣ್ಣೆ ಹಾಕಿದ ಜಾಗಕ್ಕೆ ಮಾತ್ರ ಬೆಂಕಿ ತರಬೇಡಿ, ಅದು ಹೊತ್ತಿಕೊಳ್ಳುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಹಗ್ಗ: ನಿಮಗೆ ಹೋಲ್ಡರ್ ಹಿಡಿಯುವ ಗುಳಿ ಇದೆ, ಹಗ್ಗ ಬೇಕಿಲ್ಲ. ಆ ಗುಳಿ ಇಲ್ಲದ ಎಂಜಿನ್ನಿನವರಿಗೆ ಹೇಳುವುದಾದರೆ, ಬೋಲ್ಟ್ ಬಿಚ್ಚುವ ದಿಕ್ಕಿಗೆ ಕ್ರ್ಯಾಂಕ್ ತಿರುಗಿದಾಗ ಪಿಸ್ಟನ್ ಮೇಲೇರುವಂತಿರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ವಾಲ್ವ್ ತೆರೆದಿರುವಾಗ ಹಗ್ಗ ಒತ್ತಿದರೆ ವಾಲ್ವ್ ಬಗ್ಗುತ್ತದೆ. ಎಳೆ ಬಿಡದ ನೈಲಾನ್ ಹಗ್ಗವೇ ಆಗಬೇಕು, ತುದಿ ಹೊರಗೆ ಗಂಟು ಹಾಕಿರಬೇಕು. ಇದಕ್ಕಿಂತ ಸ್ಟಾರ್ಟರ್ ಬಿಚ್ಚಿ ಆ ತೂತಿನಲ್ಲಿ ಫ್ಲೈವೀಲಿನ ಹಲ್ಲಿಗೆ ಲಾಕ್ ಟೂಲ್ ಹಾಕುವುದು ಮೇಲು. ಆಟೋಮ್ಯಾಟಿಕ್‌ನ ಫ್ಲೆಕ್ಸ್ ಪ್ಲೇಟ್ (ಫ್ಲೈವೀಲಿನ ಜಾಗದಲ್ಲಿರುವುದು) ತೆಳು ತಗಡು, ಅದರ ತೂತಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ಸೀಳು ಬೀಳುತ್ತದೆ. ಟೈಮಿಂಗ್ ಹೊಂದಿಸಲು ಕೊಡುವ ಪಿನ್‌ಗಳನ್ನು ಹಾಕಿ ಬೋಲ್ಟ್ ತಿರುಗಿಸುವವರೂ ಇದ್ದಾರೆ. ಆ ಪಿನ್ ಸ್ಥಾನ ತೋರಿಸುವುದಕ್ಕೆ, ಬಲ ತಡೆಯುವುದಕ್ಕಲ್ಲ. ಪಿನ್ ಮುರಿದರೆ ಪುಣ್ಯ, ಬ್ಲಾಕ್ ಒಡೆದರೆ ಎಂಜಿನ್ ಹೋಯಿತು.

ಮೂಲೆ ಪೂರ್ತಿ ಸವೆದರೆ ಒಳಗೆ ಸುರುಳಿ ಹಲ್ಲಿರುವ ಎಕ್ಸ್‌ಟ್ರ್ಯಾಕ್ಟರ್ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ. ಅದೂ ಜಾರಿದರೆ ತಲೆಯ ಮೇಲೆ ದೊಡ್ಡ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಬೇಕು. ಆಗ ಬ್ಯಾಟರಿಯ ಎರಡೂ ವೈರ್ ತೆಗೆದಿಡಿ, ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಪುಲ್ಲಿಯ ಹಬ್ಬಿಗೇ ಕಚ್ಚಿಸಿ. ಬಾಡಿಗೆ ಕಚ್ಚಿಸಿದರೆ ಕರೆಂಟ್ ಕ್ರ್ಯಾಂಕ್ ಬೇರಿಂಗ್‌ಗಳ ಮೂಲಕ ಹರಿದು ಅವುಗಳ ಮೇಲ್ಮೈಯಲ್ಲಿ ಗುಳಿ ಬೀಳಿಸುತ್ತದೆ. ಒಂದು ವೇಳೆ ತಲೆಯೇ ಹಾರಿಹೋದರೆ ಗಾಬರಿ ಬೇಡ. ತಲೆ ಹೋದ ಮೇಲೆ ಎಳೆತ ಇಲ್ಲ, ಪುಲ್ಲಿ ಕಳಚಿದರೆ ಉಳಿದ ತುಂಡು ಸಾಮಾನ್ಯವಾಗಿ ಲಾಕಿಂಗ್ ಪ್ಲೈಯರಿನಲ್ಲಿ ಬರುತ್ತದೆ.

ಗಾಳಿ_ಗನ್

ಬಿಚ್ಚಿದ ಮೇಲೆ ಎರಡು ಮಾತು. ಪುಲ್ಲಿ ಬಿಗಿಯಾಗಿದ್ರೆ ಹೊರ ಬಳೆಗೆ ಮೂರು ಕೈಯ ಪುಲ್ಲರ್ ಹಾಕಬೇಡಿ, ರಬ್ಬರ್ ಹರಿಯುತ್ತೆ. ಹಬ್ಬಿನ ಹತ್ತಿರ ಎದುರುಬದುರಾಗಿ ಸಣ್ಣ ಲಿವರ್‌ನಿಂದ ಸ್ವಲ್ಪ ಸ್ವಲ್ಪ ಸರಿಸಿ. ಹಬ್ಬಿನಲ್ಲಿ ಥ್ರೆಡ್ ತೂತುಗಳಿರೋ ಎಂಜಿನ್ ಆದ್ರೆ ಅವುಗಳಿಗೇ ಬೋಲ್ಟ್ ಹಾಕಿ ಎಳೆಯೋ ಪುಲ್ಲರ್ ಬಳಸಿ.

ಇನ್ನೊಂದು, ಇದು ಬೇರೆ ಎಂಜಿನ್ನಿನವರಿಗೆ. ಫೋರ್ಡ್ ಡ್ಯುರಾಟೆಕ್ ಎಚ್.ಇ., ಮಜ್ದಾ ಎಲ್ ಸರಣಿಯಂಥವುಗಳಲ್ಲಿ ಕ್ರ್ಯಾಂಕಿನ ಟೈಮಿಂಗ್ ಗೇರಿಗೆ ಚಾವಿ (ಗೇರ್ ಜಾರದಂತೆ ಶಾಫ್ಟಿಗೆ ಕಚ್ಚಿಸೋ ಕಬ್ಬಿಣದ ತುಂಡು) ಕೂರೋ ತೋಡೇ ಇಲ್ಲ, ಆ ಬೋಲ್ಟಿನ ಬಿಗಿಯೊಂದೇ ಅದನ್ನ ಹಿಡಿದಿರೋದು. ಬೋಲ್ಟ್ ಸಡಿಲ ಆದ ಕ್ಷಣಕ್ಕೆ ಟೈಮಿಂಗ್ ಹೋಯ್ತು. ಕ್ಯಾಮ್, ಕ್ರ್ಯಾಂಕ್ ಎರಡನ್ನೂ ಸ್ಥಾನಕ್ಕೆ ತಂದು ಟೈಮಿಂಗ್ ಟೂಲ್ ಹಾಕಿಟ್ಟು, ಬಲ ತಡೆಯೋಕೆ ಬೇರೆ ಹೋಲ್ಡರ್ ಹಿಡಿದೇ ಬಿಚ್ಚಬೇಕು. ಮುಟ್ಟೋಕೆ ಮುಂಚೆ ಮ್ಯಾನುವಲ್ ನೋಡಿ.

ಸಾಕೆಟ್_ಪೆಟ್ಟಿಗೆ

ವಾಪಸ್ ಹಾಕುವಾಗ ಗನ್ನಿನಿಂದ ಬಿಗಿ ಮಾಡಬೇಡಿ, ಎಷ್ಟು ಬಿಗಿಯಾಯಿತೆಂದು ಗನ್ ಹೇಳುವುದಿಲ್ಲ. ಸಡಿಲ ಉಳಿದರೆ ಪುಲ್ಲಿ ಒಳಗೊಳಗೇ ಅಲ್ಲಾಡಿ ಚಾವಿಯ ತೋಡನ್ನು ತಿಂದುಹಾಕುತ್ತದೆ, ಆಮೇಲೆ ಕ್ರ್ಯಾಂಕೇ ಬದಲಿಸುವ ಮಾತು. ಅದೇ ಹೋಲ್ಡರ್ ಹಾಕಿ, ಈ ಸಲ ಅದರ ಹಿಡಿಕೆಯನ್ನು ಬಲಕ್ಕೆ ಊರಿಸಿ, ಬಲಕ್ಕೇ ಚಾಚಿದ ಟಾರ್ಕ್ ರೆಂಚನ್ನು ಕೆಳಗೆ ಒತ್ತಿ. ಥ್ರೆಡ್ ಒರೆಸಿ ಸ್ವಚ್ಛ ಮಾಡಿ. ಎಣ್ಣೆ ಹಚ್ಚಬೇಕೋ ಬೇಡವೋ ಎಂಬುದು ಮ್ಯಾನುವಲ್ ಹೇಳಿದಂತೆಯೇ ಆಗಲಿ. ಒಣ ಥ್ರೆಡ್‌ಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿ ಹಾಕಿದರೆ ಘರ್ಷಣೆ ಕಡಿಮೆಯಾಗಿ ಬೋಲ್ಟ್ ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ, ಎಣ್ಣೆ ಹಚ್ಚಲು ಹೇಳಿದ್ದನ್ನು ಒಣಗಿದ್ದಾಗಲೇ ಹಾಕಿದರೆ ಬಿಗಿ ಸಾಲದು.

ಮೂಲೆ ಸವೆದ ಬೋಲ್ಟನ್ನು ಮತ್ತೆ ಬಳಸಬೇಡಿ, ಹೊಸದು ಹಾಕಿ. ಟಾರ್ಕ್ ಜೊತೆಗೆ ಕೋನವನ್ನೂ ಹೇಳುವ ಎಂಜಿನ್‌ಗಳಲ್ಲಿ 60 ಡಿಗ್ರಿ ಅಂದರೆ ತಲೆಯ ಒಂದು ಮೂಲೆಯಿಂದ ಪಕ್ಕದ ಮೂಲೆಗೆ. ಬೋಲ್ಟಿನ ಒಂದು ಮೂಲೆಗೆ ಬಿಳಿ ಬಣ್ಣದ ಚುಕ್ಕಿ ಇಟ್ಟು, ಬಿಗಿಯುವ ದಿಕ್ಕಿನಲ್ಲಿ ಅದರ ಮುಂದಿನ ಮೂಲೆಯ ನೇರಕ್ಕೆ ಪುಲ್ಲಿಯ ಮೇಲೆ ಇನ್ನೊಂದು ಚುಕ್ಕಿ ಇಡಿ, ಎರಡು ಚುಕ್ಕಿ ಸೇರುವವರೆಗೆ ತಿರುಗಿಸಿ. ಎಕ್ಸ್‌ಟೆನ್ಷನ್ ಮೇಲೆ ಗುರುತು ಹಾಕಬೇಡಿ, ಅದು ತಿರುಚಿಕೊಳ್ಳುವುದರಿಂದ ಕೋನ ತಪ್ಪು ತೋರಿಸುತ್ತದೆ.